ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಮಾಡಿಸಿಕೊಂಡವರು ಮೂರನೆಯ ವರ್ಷದ ಮಾತು ಹೇಳುವಿರಾ?

ಸೀಮೆಸುಣ್ಣ:

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು 38, ಎತ್ತರ 158 ಸೆಂಟಿಮೀಟರ್, ತೂಕ 112 ಕಿಲೋ. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿ.ಎಂ.ಐ. ಸುಮಾರು 45 ಬರುತ್ತದೆ. ಈ ಲೆಕ್ಕವನ್ನು ಎಷ್ಟು ಸಲ ಮಾಡಿದ್ದೇನೋ ನನಗೇ ನೆನಪಿಲ್ಲ.

ಮೊದಲ ಹೆರಿಗೆಯ ನಂತರ ಏರತೊಡಗಿದ ತೂಕ ಎರಡನೆಯ ಮಗುವಿನ ಹೊತ್ತಿಗೆ 95 ದಾಟಿತ್ತು. ಈ ಹನ್ನೆರಡು ವರ್ಷಗಳಲ್ಲಿ ರಾತ್ರಿಯ ಊಟ ಬಿಟ್ಟಿದ್ದೇನೆ, ಅನ್ನ ಬಿಟ್ಟು ನವಣೆ ಹಿಡಿದಿದ್ದೇನೆ, ಬೆಳಿಗ್ಗೆ ಐದಕ್ಕೆ ಎದ್ದು ಕೆರೆಯ ಏರಿಯ ಮೇಲೆ ನಡೆದಿದ್ದೇನೆ. ಮೂರು ಸಲ ಹತ್ತರಿಂದ ಹದಿನಾಲ್ಕು ಕಿಲೋ ಇಳಿದದ್ದುಂಟು. ಮೂರು ಸಲವೂ ಇಳಿದದ್ದು ಬಡ್ಡಿಸಮೇತ ಹಿಂದಿರುಗಿದೆ. ನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು, ಎರಡು ಬಗೆಯ ಮಾತ್ರೆ ನುಂಗಿದರೂ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 8.9ರಲ್ಲಿದೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯಿರುವುದರಿಂದ ಮೂಗಿಗೆ ಯಂತ್ರ ಹಾಕಿಕೊಂಡು ಮಲಗುತ್ತೇನೆ. ಮಂಡಿ ನೋವು ದಿನವೂ ಇದೆ. ರಾತ್ರಿ ಉಂಡ ಕೂಡಲೇ ಮಲಗಿದರೆ ಹುಳಿ ಗಂಟಲಿಗೆ ಬರುತ್ತದೆ.

ಇವಿಷ್ಟು ಕಾಯಿಲೆಗಳು. ಇವುಗಳಾಚೆಗಿನದನ್ನು ಯಾವ ವೈದ್ಯರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮದುವೆ ಮನೆಗೆ ಹೋದರೆ ಹೆಣ್ಣು ಗಂಡನ್ನು ನೋಡುವ ಮೊದಲು ಮೇಜು ಕುರ್ಚಿಯ ಪಂಕ್ತಿ ಇದೆಯೋ ನೆಲದ ಪಂಕ್ತಿಯೋ ಎಂದು ನೋಡುತ್ತೇನೆ. ಬಸ್ಸಿನ ಮೂರು ಜನರ ಸೀಟಿನಲ್ಲಿ ನಾನು ಕುಳಿತರೆ ಮೂರನೆಯವರು ನಿಂತೇ ಪ್ರಯಾಣಿಸುತ್ತಾರೆ. ಮಕ್ಕಳು ನನಗಿಟ್ಟಿರುವ ಅಡ್ಡಹೆಸರು ಗೊತ್ತಿದ್ದೂ ಗೊತ್ತಿಲ್ಲದವಳಂತೆ ಪಾಠ ಮಾಡುತ್ತೇನೆ.

ಬೆಂಗಳೂರಿನಲ್ಲಿ ತೋರಿಸಿದ ಶಸ್ತ್ರವೈದ್ಯರು ಜಠರವನ್ನು ಕಿರಿದಾಗಿಸುವ ಸ್ಲೀವ್ ಅಥವಾ ಊಟ ಸಾಗುವ ದಾರಿಯನ್ನೇ ಬದಲಿಸುವ ಜಠರದ ಬೈಪಾಸ್, ಎರಡರಲ್ಲೊಂದನ್ನು ಮಾಡಬಹುದು ಎಂದಿದ್ದಾರೆ. ನಮ್ಮ ಯಜಮಾನರು ಒಪ್ಪಿದ್ದಾರೆ. ಅತ್ತೆಯವರು ಮಾತ್ರ, "ನಾಲಿಗೆ ಕಟ್ಟಿದರೆ ಆಗೋ ಕೆಲಸಕ್ಕೆ ಹೊಟ್ಟೆ ಕೊಯ್ಸಿಕೊಳ್ತೀಯಾ?" ಎಂದರು. ಆ ಮಾತು ಇಷ್ಟು ಚುಚ್ಚಿದ್ದಕ್ಕೆ ಕಾರಣವೆಂದರೆ, ನನ್ನೊಳಗೂ ಅರ್ಧ ಅದೇ ಮಾತಿದೆ. ವೈದ್ಯರು ಆಪರೇಷನ್ನಿನ ದಿನವನ್ನೂ ಮೊದಲ ಮೂರು ತಿಂಗಳನ್ನೂ ಚಿತ್ರ ಬರೆದು ವಿವರಿಸಿದರು. ನನಗೆ ಬೇಕಾಗಿರುವುದು ಮೂರನೆಯ, ನಾಲ್ಕನೆಯ ವರ್ಷದ ಮಾತು. ಮಾಡಿಸಿಕೊಂಡವರಾಗಲಿ, ಯೋಚಿಸಿ ಬಿಟ್ಟವರಾಗಲಿ ಮುಚ್ಚುಮರೆಯಿಲ್ಲದೆ ಬರೆದರೆ ಉಪಕಾರವಾಗುತ್ತದೆ.

ಮುದ್ದೆಪ್ರಿಯ:

ಮೇಡಂ, ನಾನು ಮಂಡ್ಯದ ಕಡೆಯವನು, ವಯಸ್ಸು 51, ಬ್ಯಾಂಕಿನ ನೌಕರ. ಸ್ಲೀವ್ ಮಾಡಿಸಿಕೊಂಡು ಐದು ವರ್ಷವಾಯಿತು. ಆಗ 138 ಕಿಲೋ ಇದ್ದವನು ಒಂದೂವರೆ ವರ್ಷಕ್ಕೆ 91ಕ್ಕೆ ಬಂದೆ, ಈಗ 99ರಲ್ಲಿದ್ದೇನೆ. ಈ ಎಂಟು ಕಿಲೋ ಏರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಜಾಹೀರಾತಿನ ಚಿತ್ರಗಳೆಲ್ಲ 91ರ ದಿನ ತೆಗೆದವಾಗಿರುತ್ತವೆ.

ನೀವು ಕೇಳಿದ್ದು ದಿನನಿತ್ಯದ ಬದುಕನ್ನು. ನನ್ನ ಮಟ್ಟಿಗೆ ಅದರಲ್ಲಿ ದೊಡ್ಡ ಸಂಗತಿ ಮುದ್ದೆ. ನಮ್ಮಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅಗಿಯುವವನನ್ನು ಕಂಡರೆ ಪಟ್ಟಣದವನೆಂದು ನಗುತ್ತಾರೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಕೊಳವೆ ಮಾಡುತ್ತಾರೆ. ಆ ಕೊಳವೆಗೆ ನುಂಗಿದ ತುತ್ತು ಹೋಗಿ ಕುಳಿತರೆ ಎದೆಯ ನಡುವೆ ಕಲ್ಲು ಸಿಕ್ಕಿಕೊಂಡಂತಾಗಿ, ಬಾಯಲ್ಲಿ ನೀರೂರಿ, ಕೊನೆಗೆ ವಾಂತಿಯಾಗುತ್ತದೆ. ನಾಲ್ಕನೆಯ ತಿಂಗಳಿನಲ್ಲಿ ನಮ್ಮೂರ ಹಬ್ಬದ ದಿನ, ನೆಂಟರೆಲ್ಲರ ಎದುರಿಗೆ ಕೈ ತೊಳೆಯುವ ಬಚ್ಚಲಲ್ಲಿ ನನಗೆ ಆದದ್ದು ಇದೇ. ಈಗ ನಿಂಬೆಹಣ್ಣಿನ ಗಾತ್ರದ ಮುದ್ದೆಯನ್ನು ಚೂರು ಚೂರಾಗಿ ಅಗಿದು ಇಪ್ಪತ್ತು ನಿಮಿಷ ತಿನ್ನುತ್ತೇನೆ. ಯಾರಾದರೂ ನಕ್ಕರೆ ನಗಲಿ. ಊಟದ ನಡುವೆ ನೀರು ಕುಡಿಯುವಂತಿಲ್ಲ, ಮುಗಿಸಿ ಅರ್ಧ ಗಂಟೆ ಕಳೆಯಬೇಕು. ತಟ್ಟೆಯಲ್ಲಿ ಮೊದಲು ಮೊಟ್ಟೆಯೋ ಕಾಳೋ ಕೋಳಿಯೋ, ಆಮೇಲೆ ತರಕಾರಿ, ಜಾಗ ಉಳಿದರೆ ಮುದ್ದೆ ಅಥವಾ ಅನ್ನ. ದಿನಕ್ಕೆ 60 ಗ್ರಾಂ ಪ್ರೋಟೀನ್ ಆಗಲೇಬೇಕೆಂದು ಆಹಾರ ತಜ್ಞರು ಹೇಳಿದ್ದು ಇಂದಿಗೂ ಜಾರಿಯಲ್ಲಿದೆ.

ಮೂರು ತಿಂಗಳಾಗುತ್ತಲೇ ಕೂದಲು ಹಿಡಿಹಿಡಿಯಾಗಿ ಉದುರಿತು, ವರ್ಷದೊಳಗೆ ಬಹುಪಾಲು ಬಂತು. ಹೊಟ್ಟೆಯ ಚರ್ಮ ಖಾಲಿ ಚೀಲದಂತೆ ಜೋತುಬಿದ್ದದ್ದು ಹಾಗೆಯೇ ಇದೆ. ಮೂರನೆಯ ವರ್ಷದಲ್ಲಿ ನಾನು ಮಾಡಿದ ತಪ್ಪೊಂದನ್ನು ನೀವು ಮಾಡಬೇಡಿ: ಚೆನ್ನಾಗಿದ್ದೇನಲ್ಲ ಎಂದು ವಿಟಮಿನ್ ಮಾತ್ರೆಗಳನ್ನು ನಿಲ್ಲಿಸಿದೆ. ಪಾದ ಜುಮ್ಮೆನ್ನತೊಡಗಿ, ಚಪ್ಪಲಿ ಕಾಲಿನಿಂದ ಜಾರಿದರೂ ತಿಳಿಯದಂತಾದಾಗ ರಕ್ತ ಪರೀಕ್ಷೆ ಮಾಡಿಸಿದರೆ ಬಿ12 ತಳ ಕಂಡಿತ್ತು. ಇಂಜೆಕ್ಷನ್ ಹಾಕಿಸಿಕೊಂಡು ಸರಿಯಾಯಿತು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವೆಲ್ಲ ಜೀವಮಾನಪೂರ್ತಿ ಬೇಕು.

ಇನ್ನೊಂದು ವಿಷಯ ಬರೆಯಲು ಸ್ವಲ್ಪ ಸಂಕೋಚ. ನನಗೆ ಊಟವೆಂದರೆ ಹೊಟ್ಟೆಗೆ ಮಾತ್ರವಾಗಿರಲಿಲ್ಲ. ಬೇಸರಕ್ಕೂ ಸಿಟ್ಟಿಗೂ ಅದೇ ಜೊತೆಗಾರ. ಆ ಜೊತೆ ಒಂದೇ ದಿನದಲ್ಲಿ ಕೈಬಿಟ್ಟಾಗ ಮೊದಲ ಎರಡು ತಿಂಗಳು ಮನೆಯಲ್ಲಿ ಸೂತಕದಂತಿತ್ತು. ಜಠರ ಚಿಕ್ಕದಾದರೂ ಬೇಸರ ಚಿಕ್ಕದಾಗಲಿಲ್ಲ. ಮಿಕ್ಸ್ಚರು, ಚಾಕೊಲೇಟು, ಐಸ್‌ಕ್ರೀಮು ಆ ಕೊಳವೆಯಲ್ಲಿ ಸಲೀಸಾಗಿ ಇಳಿಯುತ್ತವೆ ಎಂಬುದನ್ನು ಕಂಡುಕೊಂಡೆ, ನನ್ನ ಎಂಟು ಕಿಲೋ ಬಂದದ್ದು ಆ ದಾರಿಯಲ್ಲಿ. ಮನಸ್ಸಿನ ವೈದ್ಯರನ್ನು ಮೊದಲೇ ಕಂಡಿದ್ದರೆ ಒಳ್ಳೆಯದಿತ್ತು.

ಇಷ್ಟರ ನಡುವೆಯೂ ನನ್ನ ಶುಗರ್ ಮಾತ್ರೆ ಎರಡರಿಂದ ಅರ್ಧಕ್ಕೆ ಇಳಿದಿದೆ, ಮೊಮ್ಮಗಳ ಜೊತೆ ನೆಲದಲ್ಲಿ ಕೂರುತ್ತೇನೆ. ಮತ್ತೆ ಮಾಡಿಸಿಕೊಳ್ಳುವೆಯಾ ಎಂದರೆ ಹೌದು, ಆದರೆ ಸ್ಲೀವ್ ಅಲ್ಲ. ಆಪರೇಷನ್ನಿಗೆ ಮುಂಚೆ ನನಗೆ ಎದೆಯುರಿ ಅಷ್ಟಾಗಿ ಇರಲಿಲ್ಲ. ಈಗ ದಿನವೂ ಮಾತ್ರೆ ಬೇಕು. ನಿಮಗೆ ಈಗಲೇ ಹುಳಿ ಗಂಟಲಿಗೆ ಬರುತ್ತಿದೆಯೆಂದು ಬರೆದಿದ್ದೀರಿ. ಅದನ್ನು ವೈದ್ಯರಿಗೆ ಹೇಳಿದ್ದೀರಾ?

ತಾಲೂಕು ವೈದ್ಯೆ:

ಮೇಲಿನವರ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ನಾನು ಶಸ್ತ್ರವೈದ್ಯೆಯಲ್ಲ, ಸಾಮಾನ್ಯ ವೈದ್ಯೆ. ತಮ್ಮನ್ನು ಪರೀಕ್ಷಿಸಿದವರ ಮಾತೇ ಅಂತಿಮ. ಆದರೂ ಹುಳಿ ಮೇಲೇರುವ ತೊಂದರೆ ಇರುವವರಲ್ಲಿ ಸ್ಲೀವ್ ಅದನ್ನು ಹೆಚ್ಚಿಸಬಹುದು, ಬೈಪಾಸ್ ಸಾಮಾನ್ಯವಾಗಿ ತಗ್ಗಿಸುತ್ತದೆ. ತೀರ್ಮಾನಕ್ಕೆ ಮುನ್ನ ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಪರೀಕ್ಷೆ) ಮಾಡಿಸಿ, ಅನ್ನನಾಳದ ಕೆಳತುದಿ ಹೇಗಿದೆಯೆಂದು ಕೇಳಿ ತಿಳಿದುಕೊಳ್ಳಿ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನು ಬೇರ್ಪಡಿಸಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಹೊಲಿಯುತ್ತಾರೆ. ಸಕ್ಕರೆ ಕಾಯಿಲೆಯವರಲ್ಲಿ ತೂಕ ಇಳಿಯುವುದಕ್ಕೂ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆಯ ಪ್ರಮಾಣ ತಗ್ಗುವುದನ್ನು ಕಾಣುತ್ತೇವೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಸಿಹಿ ಹೆಚ್ಚು ತಿಂದರೆ ಬೆವರಿ, ಎದೆ ಬಡಿದು, ಭೇದಿಯಾಗಬಹುದು, ಪೋಷಕಾಂಶಗಳ ಕೊರತೆಯೂ ಸ್ಲೀವ್‌ಗಿಂತ ಹೆಚ್ಚು.

ತಮ್ಮ ಮಂಡಿ ನೋವಿನ ಬಗ್ಗೆ ಯಾರೂ ಎಚ್ಚರಿಸದಿದ್ದರೆ ನಾನು ಎಚ್ಚರಿಸುತ್ತೇನೆ. ಬೈಪಾಸ್ ಆದ ಮೇಲೆ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳನ್ನು ನುಂಗಬಾರದು. ಹೊಲಿಗೆ ಹಾಕಿದ ಜಾಗದಲ್ಲಿ ಹುಣ್ಣಾಗುತ್ತದೆ. ಅಂಗಡಿಯಲ್ಲಿ ಕೇಳಿ ತಂದುಕೊಳ್ಳುವ ಅಭ್ಯಾಸವಿದ್ದರೆ ಈಗಿನಿಂದಲೇ ಬಿಡಿ. ಗರ್ಭಧಾರಣೆಯನ್ನು ಒಂದರಿಂದ ಒಂದೂವರೆ ವರ್ಷ ಮುಂದೂಡಬೇಕು.

ಇನ್ನು ನಾಲಿಗೆ ಕಟ್ಟುವ ಮಾತು. ಪಥ್ಯದಿಂದ ತೂಕ ಇಳಿದಾಗ ಹಸಿವನ್ನು ಹುಟ್ಟಿಸುವ ಘ್ರೆಲಿನ್ ಎಂಬ ಹಾರ್ಮೋನು ಏರುತ್ತದೆ, ಕೊಬ್ಬಿನ ದಾಸ್ತಾನು ಸಾಕಷ್ಟಿದೆಯೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಇಳಿಯುತ್ತದೆ, ಸುಮ್ಮನೆ ಕುಳಿತಾಗ ದೇಹ ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಗುತ್ತದೆ. ಬರಗಾಲ ಬಂದಿದೆಯೆಂದು ತಿಳಿದ ದೇಹ ಕಳೆದುಕೊಂಡದ್ದನ್ನು ಮರಳಿ ಕೂಡಿಸಲು ಹೊರಡುತ್ತದೆ. ತಮಗೆ ಮೂರು ಸಲವೂ ಆದದ್ದು ಇದೇ ಹೊರತು ನಾಲಿಗೆಯ ಚಪಲವಲ್ಲ. ಶಸ್ತ್ರಚಿಕಿತ್ಸೆ ಫಲ ಕೊಡುವುದು ಹೊಟ್ಟೆಯ ಗಾತ್ರವನ್ನು ಕುಗ್ಗಿಸುವುದರಿಂದ ಮಾತ್ರವಲ್ಲ, ಈ ಹಾರ್ಮೋನುಗಳ ಲೆಕ್ಕವನ್ನೇ ಬದಲಿಸುವುದರಿಂದ. ಸ್ವೀಡನ್‌ನಲ್ಲಿ 1987ರಲ್ಲಿ ಆರಂಭವಾದ ಅಧ್ಯಯನವೊಂದು ಶಸ್ತ್ರಚಿಕಿತ್ಸೆ ಆದವರನ್ನೂ ಆಗದವರನ್ನೂ ವರ್ಷಗಟ್ಟಲೆ ಹಿಂಬಾಲಿಸಿತು. 2007ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಆದವರ ಸಾವಿನ ಪ್ರಮಾಣ ಸುಮಾರು ಕಾಲು ಭಾಗದಷ್ಟು ಕಡಿಮೆಯಿತ್ತು.

ಅಪಾಯವಿಲ್ಲವೆಂದು ಹೇಳಲಾರೆ. ಹೊಲಿಗೆಯಲ್ಲಿ ಸೋರಿಕೆ, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಮುಂದೆ ಪಿತ್ತಕೋಶದ ಕಲ್ಲು ಇವೆಲ್ಲ ಆಗುವುದುಂಟು. ಅನುಭವವುಳ್ಳ ಕೇಂದ್ರಗಳಲ್ಲಿ ಸಾವು ಸಾವಿರಕ್ಕೆ ಒಂದರಿಂದ ಮೂರರಷ್ಟು. ಆ ಶಸ್ತ್ರವೈದ್ಯರು ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತಾರೆಂದು ಕೇಳಲು ಸಂಕೋಚಪಡಬೇಡಿ. ವಿಮೆಯ ವಿಷಯದಲ್ಲಿ, ಬಿ.ಎಂ.ಐ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಕನಿಷ್ಠ 35 ಇದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ಗಂಭೀರ ತೊಂದರೆಯಿದ್ದರೆ ಪರಿಗಣಿಸಬೇಕೆಂಬ ನಿಯಮವಿದೆ. ತಾವು ಅದರೊಳಗೆ ಬರುತ್ತೀರಿ. ಕಾಯುವ ಅವಧಿ ಎಷ್ಟೆಂಬುದನ್ನು ಪಾಲಿಸಿಯಲ್ಲಿ ನೋಡಿಕೊಳ್ಳಿ.

ಕಾಫಿಬೀಜ:

ನಾನು ದಿನಾಂಕ ಗೊತ್ತುಮಾಡಿಕೊಂಡು ಕೊನೆಗೆ ಬಿಟ್ಟವಳು. 2025ರ ಮಾರ್ಚ್‌ನಲ್ಲಿ ಹಸಿವು ತಗ್ಗಿಸಿ ತೂಕ ಇಳಿಸುವ ಟಿರ್ಜೆಪಟೈಡ್ ಎಂಬ ಔಷಧಿ ನಮ್ಮ ದೇಶದಲ್ಲಿ ಸಿಗತೊಡಗಿದಾಗ ವೈದ್ಯರೊಂದಿಗೆ ಮಾತನಾಡಿ ಅದನ್ನು ಆರಿಸಿಕೊಂಡೆ. ವಾರಕ್ಕೊಂದು ಚುಚ್ಚುಮದ್ದು. ಹತ್ತು ತಿಂಗಳಲ್ಲಿ 104ರಿಂದ 87ಕ್ಕೆ ಬಂದಿದ್ದೇನೆ. ಮೊದಲ ವಾರಗಳಲ್ಲಿ ವಾಕರಿಕೆ ಇತ್ತು, ಮಲಬದ್ಧತೆ ಈಗಲೂ ಇದೆ. ನಡುವೆ ಹಣದ ಅಡಚಣೆಯಿಂದ ಎರಡು ತಿಂಗಳು ನಿಲ್ಲಿಸಿದಾಗ ಹಳೆಯ ಹಸಿವು ಬಾಗಿಲಲ್ಲೇ ಕಾದಿದ್ದಂತೆ ಒಳಗೆ ಬಂತು, ನಾಲ್ಕು ಕಿಲೋ ಏರಿದವು. ಆಪರೇಷನ್ನಿಗೆ ಒಮ್ಮೆ ದೊಡ್ಡ ಖರ್ಚು, ಇದಕ್ಕೆ ತಿಂಗಳು ತಿಂಗಳೂ ಖರ್ಚು. ನನ್ನ ಆಯ್ಕೆಗೆ ಪಶ್ಚಾತ್ತಾಪವಿಲ್ಲ. ಆದರೆ ನನ್ನ ಬಿ.ಎಂ.ಐ. 38 ಇತ್ತು, ಸಕ್ಕರೆ ಇರಲಿಲ್ಲ. ತಮ್ಮ ಸ್ಥಿತಿಯಲ್ಲಿ ನಾನೇನು ಮಾಡುತ್ತಿದ್ದೆನೋ ಹೇಳಲಾರೆ.

ಅಡುಗೆಮನೆಯಾತ:

ನನ್ನ ಪತ್ನಿಗೆ ಬೈಪಾಸ್ ಆಗಿ ಮೂರೂವರೆ ವರ್ಷ. ಪ್ರಶ್ನೆ ಕೇಳಿದವರ ಯಜಮಾನರು ಓದಲೆಂದು ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಬೇಕರಿ ಪೊಟ್ಟಣ ಬಿಚ್ಚುವುದನ್ನು ನಾವು ಉಳಿದವರೂ ಬಿಡಬೇಕಾಯಿತು, ಬೈದುಕೊಂಡೇ ಬಿಟ್ಟೆವು. ನೆಂಟರಿಗೆ ಪಿತ್ತಕೋಶದ ಆಪರೇಷನ್ ಎಂದು ಸುಳ್ಳು ಹೇಳಿದ್ದು ನಮ್ಮ ದೊಡ್ಡ ತಪ್ಪು. ಕಾರಣ ಗೊತ್ತಿಲ್ಲದ ಅತ್ತಿಗೆ ನಾದಿನಿಯರು ಒಂದೊಂದು ಗೃಹಪ್ರವೇಶದಲ್ಲೂ "ಇನ್ನೊಂದು ಹೋಳಿಗೆ, ನಮ್ಮ ಕೈಯಿಂದ" ಎಂದು ಎಲೆಗೆ ಹಾಕುವರು, ಅವಳು ಬೇಡವೆನ್ನಲಾರದೆ ತಿಂದು ಕಾರಿನಲ್ಲಿ ನಡುಗುತ್ತ ಮಲಗುವಳು. ನಿಜ ಹೇಳಿದ ಮೇಲೆ ಕೊಂಕು ಮಾತು ಬಂದವು, ಆದರೆ ಬಡಿಸುವುದು ನಿಂತಿತು.

ಸೀಮೆಸುಣ್ಣ:

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಯಜಮಾನರಿಗೆ ಕೊನೆಯ ಉತ್ತರವನ್ನು ಓದಿ ಹೇಳಿದೆ. ಹುಳಿ ಮೇಲೇರುವುದನ್ನು ನಾನು ವೈದ್ಯರಿಗೆ ಹೇಳಿಯೇ ಇರಲಿಲ್ಲ, ಅದನ್ನೊಂದು ಕಾಯಿಲೆಯೆಂದು ಎಣಿಸಿರಲಿಲ್ಲ. ಮಂಡಿ ನೋವಿಗೆ ಅಂಗಡಿಯಿಂದ ತಂದು ನುಂಗುತ್ತಿದ್ದುದು ಡೈಕ್ಲೋಫಿನ್ಯಾಕ್ ಎಂದು ಮಾತ್ರೆಯ ಸ್ಟ್ರಿಪ್ ನೋಡಿದಾಗ ತಿಳಿಯಿತು. ಮುಂದಿನ ವಾರ ಎಂಡೋಸ್ಕೋಪಿ. ಸರಿಯಾಗಿದ್ದರೆ ಬೈಪಾಸ್ ಎಂದು ನಿರ್ಧರಿಸಿದ್ದೇವೆ. ಬೇಸಿಗೆ ರಜೆಯಲ್ಲಿ, ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನ ಮುಗಿದ ಮೇಲೆ.

ಮತ್ತೊಂದು ಲೆಕ್ಕವನ್ನೂ ಮಾಡಿದೆ. ಈಗಿನ ತೂಕದಲ್ಲಿ ಶೇಕಡಾ 30ರಷ್ಟು ಇಳಿದರೆ ಒಳ್ಳೆಯ ಫಲಿತಾಂಶವೆಂದು ವೈದ್ಯರು ಹೇಳಿದ್ದರು. ಹಾಗೆ ಇಳಿದರೂ ನಾನು 78 ಕಿಲೋ ಇರುತ್ತೇನೆ, ಬಿ.ಎಂ.ಐ. 31, ಅಂದರೆ ಕೋಷ್ಟಕದಲ್ಲಿ ಸ್ಥೂಲಕಾಯದ ಸಾಲಿನಲ್ಲಿಯೇ. ಆದರೆ ನನಗೆ ಬೇಕಾಗಿರುವುದು ಯಂತ್ರವಿಲ್ಲದ ನಿದ್ದೆ ಮತ್ತು ನೆಲದ ಪಂಕ್ತಿ, ಅದಕ್ಕೆ 78 ಸಾಕೇನೋ. ಅತ್ತೆಯವರು ಇನ್ನೂ ಒಪ್ಪಿಲ್ಲ. ನಿಜವನ್ನು ಮಾತ್ರ ಎಲ್ಲರಿಗೂ ಹೇಳುವುದೆಂದು ತೀರ್ಮಾನಿಸಿದ್ದೇವೆ.

ವೈದ್ಯೆಯವರಲ್ಲಿ ಒಂದು ಪ್ರಶ್ನೆ: ಮೊದಲ ಎರಡು ವಾರ ಬರೀ ದ್ರವಾಹಾರವಂತೆ. ಹುರುಳಿ ಕಟ್ಟು ಕುಡಿಯಬಹುದೇ?

ತಾಲೂಕು ವೈದ್ಯೆ:

ನೀರು ಮತ್ತು ತಿಳಿಮಜ್ಜಿಗೆ ಸರಿಯಾಗಿ ಸೇರತೊಡಗಿದ ಮೇಲೆ, ತಮ್ಮ ಆಹಾರ ತಜ್ಞರು ಒಪ್ಪಿದರೆ, ಬಟ್ಟೆಯಲ್ಲಿ ಸೋಸಿದ ತಿಳಿ ಕಟ್ಟನ್ನು ಖಾರ, ಹುಣಸೆ, ಒಗ್ಗರಣೆ ಇಲ್ಲದೆ ಗುಟುಕು ಗುಟುಕಾಗಿ ಕುಡಿಯಬಹುದು. ಅದರಲ್ಲಿ ಪ್ರೋಟೀನ್ ಹೆಚ್ಚಿರುವುದಿಲ್ಲ. ಅವರು ಬರೆದುಕೊಡುವ ಪುಡಿ ಬೇರೆಯಾಗಿ ಬೇಕೇ ಬೇಕು.