ಹತ್ತುವಾಗ ಗಳಿಸಿದ್ದೆಲ್ಲ ಇಳಿಯುವಾಗ ಹೋಯಿತು: ಬೆಟ್ಟ ಇಳಿಯುವುದು ಹೇಗೆ?

ರಸ್ತೆ ಓಟಗಾರ:

ಎಲ್ಲರಿಗೂ ನಮಸ್ಕಾರ. ಲ್ಯಾಂಕಾಶೈರ್‌ಗೆ ಬಂದು ಆರು ವರ್ಷವಾಯಿತು, ವಯಸ್ಸು 44. ಇಲ್ಲಿನ ಒಂದು ಓಟದ ಕ್ಲಬ್ಬಿನಲ್ಲಿ ಮೂರು ವರ್ಷದಿಂದ ಇದ್ದೇನೆ. ಡಾಂಬರು ರಸ್ತೆಯಲ್ಲಿ 10 ಕಿ.ಮೀ. ಓಡಲು 51 ನಿಮಿಷ ತೆಗೆದುಕೊಳ್ಳುತ್ತೇನೆ. ಇದರಿಂದ ನನ್ನ ಯೋಗ್ಯತೆ ನಿಮಗೆ ತಿಳಿದಿರಬೇಕು.

ಮೊನ್ನೆ ಶನಿವಾರ ಮೊದಲ ಸಲ ಫೆಲ್ ರೇಸ್ ಓಡಿದೆ. ಉತ್ತರ ಇಂಗ್ಲೆಂಡಿನಲ್ಲಿ ಕುರಿ ಮೇಯುವ ಬೋಳು ಬೆಟ್ಟಕ್ಕೆ ಫೆಲ್ ಎನ್ನುತ್ತಾರೆ. ಅದನ್ನು ಹತ್ತಿ ಇಳಿಯುವುದೇ ಪಂದ್ಯ, ದಾರಿ ಇರಲೇಬೇಕೆಂದಿಲ್ಲ. ನಮ್ಮದು ಪೆಂಡಲ್ ಬೆಟ್ಟ, 557 ಮೀಟರ್ ಎತ್ತರ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಮಲಗಿದ ಎಮ್ಮೆಯ ಬೆನ್ನು. ದೂರದ ಬೆಟ್ಟ ನುಣ್ಣಗೆ ಎನ್ನುವ ಗಾದೆಯನ್ನು ಬಾಲ್ಯದಲ್ಲೇ ಬಾಯಿಪಾಠ ಮಾಡಿದ್ದವನು ಹೆಸರು ನೋಂದಾಯಿಸುವಾಗ ಅದನ್ನು ಮರೆತಿದ್ದೆ. ಸುಮಾರು 7 ಕಿ.ಮೀ. ದೂರ, 450 ಮೀಟರ್ ಏರು.

ಶುರುವಿನಲ್ಲೇ ಒಂದು ಅವಮಾನ. ಓಟಗಾರರ ಸಾಮಾನು ತಪಾಸಣೆಗೆಂದು ಮೇಜು ಹಾಕಿಕೊಂಡು ಕುಳಿತಿದ್ದ ಹಿರಿಯರೊಬ್ಬರು ನನ್ನ ಜಾಕೆಟ್ಟಿನ ಒಳಮೈ ಹೊರಮಾಡಿ, ಹೊಲಿಗೆಯುದ್ದಕ್ಕೂ ಬೆರಳಾಡಿಸಿ, ‘ಟೇಪ್ ಇಲ್ಲ. ಇದು ಗಾಳಿಗೆ ಸರಿ, ಮಳೆಗಲ್ಲ’ ಎಂದು ಮಡಿಸಿ ಕೊಟ್ಟರು. ಹೊರಗೆ ಸುಡುಬಿಸಿಲು! ಕ್ಲಬ್ಬಿನ ಗೆಳೆಯನ ಕಾರಿನಲ್ಲಿ ಇನ್ನೊಂದು ಜಾಕೆಟ್ ಇದ್ದುದರಿಂದ ಬಚಾವಾದೆ. ಅರ್ಧ ಗಂಟೆಯ ನಂತರ ಶಿಖರದ ಸರ್ವೆ ಕಂಬದ ಬಳಿ ಮೋಡ ಕವಿದು, ನಾಲ್ಕು ಮಾರು ಮುಂದಿದ್ದವನ ಬೆನ್ನೂ ಕಾಣದಾದಾಗ ಆ ಹಿರಿಯರನ್ನು ಮನಸ್ಸಿನಲ್ಲೇ ಕ್ಷಮಿಸಿದೆ.

ಹತ್ತುವುದು ಕಷ್ಟವೆನಿಸಲಿಲ್ಲ. ಕಡಿದಾದ ಕಡೆ ಎಲ್ಲರೂ ಎರಡೂ ಅಂಗೈಗಳನ್ನು ತೊಡೆಗೆ ಒತ್ತಿಕೊಂಡು ನಡೆಯುತ್ತಿದ್ದರು. ನಾನೂ ಹಾಗೆಯೇ ನಡೆದು ಹಲವರನ್ನು ಹಿಂದಿಕ್ಕಿದೆ. ಮೇಲೆ ತಲುಪಿದಾಗ 112ನೆಯವನು. ಕೆಳಗೆ ಮುಗಿಸಿದಾಗ 149ನೆಯವನು! ಹುಲ್ಲು, ಜವುಗು, ಮಧ್ಯೆ ಅಡಗಿ ಕುಳಿತ ಕಲ್ಲು. ನಾನು ಒಂದೊಂದು ಹೆಜ್ಜೆಗೂ ಲೆಕ್ಕ ಹಾಕುತ್ತಿದ್ದರೆ ಉಳಿದವರು ಚೆಲ್ಲಿದ ನೀರಿನಂತೆ ಹರಿದುಹೋದರು. ಬೆಳ್ಳಿಕೂದಲಿನ ಅಜ್ಜಿಯೊಬ್ಬರು ‘ಬಲಗಡೆ ಬರುತ್ತಿದ್ದೇನೆ, ಮಗೂ’ ಎಂದು ಹೇಳಿ ದಾಟಿದರು. ಫಲಿತಾಂಶದ ಹಾಳೆಯಲ್ಲಿ ನೋಡಿದರೆ ಅವರು ಎಪ್ಪತ್ತು ದಾಟಿದವರ ವಿಭಾಗ.

ಇವತ್ತು ಸೋಮವಾರ. ಮಹಡಿಯ ಮೆಟ್ಟಿಲನ್ನು ಗೋಡೆ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿದ್ದೇನೆ. ನನ್ನ ತೊಂದರೆ ಕಾಲಿನದೋ, ಧೈರ್ಯದ್ದೋ? ತಿಳಿದವರು ಹೇಳಿ.

ಕೆಸರುಗಾಲು:

ಎರಡೂ ಇದೆ, ಸರ್. ಕಾಲಿನ ವಿಷಯ ಸುಲಭ, ಅದನ್ನು ಮೊದಲು ಮುಗಿಸೋಣ. ಆ ನೋವು ಹತ್ತಿದ್ದರಿಂದ ಬಂದದ್ದಲ್ಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಬಿಗಿಹಿಡಿದು ಸ್ವಲ್ಪ ಸ್ವಲ್ಪವೇ ಬಿಡುತ್ತೇವಲ್ಲ, ಹಾಗೆ. ಈ ಕೆಲಸದಲ್ಲಿ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ, ಒಂದೆರಡು ದಿನ ಬಿಟ್ಟು ನೋವು ತಾರಕಕ್ಕೇರುತ್ತದೆ. ಆದರೆ ಒಮ್ಮೆ ಪೆಟ್ಟು ತಿಂದ ಸ್ನಾಯು ಬುದ್ಧಿ ಕಲಿಯುತ್ತದೆ. ಮುಂದಿನ ಕೆಲವು ವಾರ ಅಷ್ಟೇ ಇಳಿದರೂ ಇಷ್ಟು ನೋಯುವುದಿಲ್ಲ. ಹಾಗಾಗಿ ನೋವು ಹೋದ ಮೇಲೆ ಸುಮ್ಮನಿರಬೇಡಿ. ಕಲ್ಲಿಲ್ಲದ ಹುಲ್ಲಿನ ಇಳಿಜಾರು ಹುಡುಕಿ, ವಾರಕ್ಕೊಮ್ಮೆ ಆರೇಳು ಸಲ ಓಡಿ ಇಳಿಯಿರಿ.

ಅಂದ ಹಾಗೆ, ಯಾವ ಶೂ ಹಾಕಿದ್ದಿರಿ? ರಸ್ತೆಯದೇ ಆಗಿದ್ದರೆ 149 ಒಳ್ಳೆಯ ಸ್ಥಾನವೇ.

ಹಿಂದಿನ ಸಾಲಿನವಳು:

ನಾನು ವೇಗದವಳಲ್ಲ, ಆದರೆ ಇಳಿಯುವಾಗ ಯಾರಿಗೂ ಜಾಗ ಬಿಡುವುದಿಲ್ಲ. ನೀವು ಮೈಯನ್ನು ಹಿಂದಕ್ಕೆ ವಾಲಿಸಿ ಹಿಮ್ಮಡಿ ಊರಿದ್ದೀರಿ, ಬರೆದದ್ದರಲ್ಲೇ ಗೊತ್ತಾಗುತ್ತದೆ. ಜಾರುವುದೇ ಹಾಗೆ. ಒದ್ದೆ ಹುಲ್ಲಿನಲ್ಲಿ ಶೂವಿನ ಹಲ್ಲುಗಳೆಲ್ಲ ನೆಲಕ್ಕೆ ಕಚ್ಚಬೇಕಾದರೆ ಭಾರ ಪಾದದ ಮೇಲೆಯೇ ಇರಬೇಕು. ಸೊಂಟ ಮುಂದೆ, ಹೆಜ್ಜೆ ಗಿಡ್ಡ ಮತ್ತು ಚುರುಕು, ಕೈಗಳು ಅಗಲ. ನೋಡುವವರಿಗೆ ಕೋಳಿ ಅಟ್ಟಿಸಿಕೊಂಡು ಹೋದ ಹಾಗೆ ಕಾಣಿಸಬಹುದು, ಕಾಣಲಿ ಬಿಡಿ. ಕಣ್ಣು ಪಾದದ ಮೇಲೆ ಬೇಡ, ನಾಲ್ಕೈದು ಮೀಟರ್ ಮುಂದಿರಲಿ. ಕಾಲಿಡುವ ಜಾಗವನ್ನು ಕಣ್ಣು ಆಗಲೇ ನೋಡಿಟ್ಟಿರುತ್ತದೆ.

ಲೆಕ್ಕ ಹಾಕುತ್ತಿದ್ದೆ ಎಂದಿರಲ್ಲ, ಆ ಲೆಕ್ಕವೇ ಬ್ರೇಕ್.

ಹಳೆಯ ಕಂಪಾಸ್:

ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದರೆ ‘ಭಯ ಬಿಡಿ’ ಎನ್ನುವ ಧಾಟಿ ನನಗೆ ಹಿಡಿಸಲಿಲ್ಲ. 7 ಕಿ.ಮೀ.ಗೆ 450 ಮೀಟರ್ ಎಂದರೆ ಅದು ‘ಎ’ ವರ್ಗದ ಪಂದ್ಯ. ಕಿಲೋಮೀಟರಿಗೆ ಸರಾಸರಿ 50 ಮೀಟರಾದರೂ ಏರು ಇದ್ದರೆ ಮಾತ್ರ ಆ ವರ್ಗ. ಮೊದಲ ಸಲವೇ ಅದಕ್ಕೆ ಇಳಿದಿದ್ದೀರಿ, ಸ್ವಲ್ಪ ಭಯ ಇರಲಿ. ಮೋಡದಲ್ಲಿ ಮುಂದಿನವನ ಬೆನ್ನು ನಂಬಿ ಓಡಿದವರು ಅವನ ಜೊತೆಗೇ ತಪ್ಪು ಕಣಿವೆಗೆ ಇಳಿದದ್ದನ್ನು ನೋಡಿದ್ದೇನೆ. ನಕ್ಷೆ, ಕಂಪಾಸ್, ಸೀಟಿ ಚೀಲದಲ್ಲಿದ್ದರೆ ಸಾಲದು, ಬಳಸಲು ಬರಬೇಕು. ಮತ್ತೊಂದು ಮಾತು: ಯಾವತ್ತಾದರೂ ಅರ್ಧಕ್ಕೇ ಬಿಟ್ಟರೆ ಸುಮ್ಮನೆ ಮನೆಗೆ ಹೋಗಬೇಡಿ, ಮುಕ್ತಾಯದ ಜಾಗಕ್ಕೆ ಬಂದು ಹೇಳಿ ಹೋಗಿ. ಇಲ್ಲದಿದ್ದರೆ ನೀವು ಸ್ನಾನ ಮಾಡುತ್ತಿರುವಾಗ ರಕ್ಷಣಾ ತಂಡದವರು ಬೆಟ್ಟದಲ್ಲಿ ನಿಮ್ಮನ್ನು ಹುಡುಕುತ್ತಿರುತ್ತಾರೆ.

ಅಜ್ಜಿಯ ಬಗ್ಗೆ ಬೇಸರ ಬೇಡ. ವಾಸ್ಡೇಲಿನ ಕುರಿಗಾಹಿ ಜಾಸ್ ನೇಲರ್ 2006ರಲ್ಲಿ, ತಮ್ಮ 70ನೇ ವಯಸ್ಸಿನಲ್ಲಿ, ಲೇಕ್ ಡಿಸ್ಟ್ರಿಕ್ಟಿನ 70 ಶಿಖರಗಳನ್ನು 21 ಗಂಟೆಯೊಳಗೆ ಓಡಿ ಮುಗಿಸಿದವರು. ಈ ಆಟದಲ್ಲಿ ಬೆಳ್ಳಿಕೂದಲು ಕಂಡರೆ ದಾರಿ ಬಿಡುವುದೇ ಮರ್ಯಾದೆ.

ರಸ್ತೆ ಓಟಗಾರ:

ಮೂವರಿಗೂ ಧನ್ಯವಾದ. ಹೌದು, ರಸ್ತೆಯ ಶೂವೇ. ತಪ್ಪೊಪ್ಪಿಕೊಂಡಿದ್ದೇನೆ, ಹಲ್ಲಿನ ಶೂ ಕೊಂಡಿದ್ದೇನೆ.

ಮೂರು ವಾರದಿಂದ ಊರಾಚೆಯ ಹುಲ್ಲಿನ ಇಳಿಜಾರಿನಲ್ಲಿ ಅಭ್ಯಾಸ ನಡೆದಿದೆ, ಕುರಿಗಳೇ ಪ್ರೇಕ್ಷಕರು. ಮೊದಲ ದಿನ ಎರಡು ಸಲ ಕುಂಡಿಯ ಮೇಲೆ ಕುಳಿತೇ ಇಳಿದೆ. ನಿನ್ನೆ ಐದನೆಯ ಸುತ್ತಿನಲ್ಲಿ ಹತ್ತು ಹನ್ನೆರಡು ಹೆಜ್ಜೆ ಪಾದ ನೋಡದೆ ಇಳಿದಿದ್ದೇನೆಂದು ಅರಿವಾಯಿತು. ಅರಿವಾದ ಕೂಡಲೇ ಪಾದ ನೋಡಿದೆ, ಬಿದ್ದೆ. ಮೆಟ್ಟಿಲನ್ನು ಮಾತ್ರ ಈಗ ಎಲ್ಲರಂತೆ ಇಳಿಯುತ್ತಿದ್ದೇನೆ.

ಇನ್ನೊಂದು ಸಣ್ಣ ಪ್ರಶ್ನೆ. ಶೂವಿನ ಹಲ್ಲುಗಳ ಸಂದಿಯಿಂದ ಕೆಸರು ತೆಗೆಯಲು ಏನು ಬಳಸುತ್ತೀರಿ? ನಾನು ಬಳಸುತ್ತಿದ್ದ ಚಮಚ ಯಾವುದೆಂದು ಮನೆಯಲ್ಲಿ ಗೊತ್ತಾಗಿಹೋಗಿದೆ.