ಕೀಮೋ ಮಾತ್ರೆ ಮನೆಯಲ್ಲೇ ಶುರು, ಜೊತೆಗೆ ಇವರ ಸಿಟ್ಟು: ಅನುಭವ ಇದ್ದವರು ಹೇಳಿ

ನಮ್ಮ ಯಜಮಾನರಿಗೆ 46 ವರ್ಷ. ಮಿದುಳಲ್ಲಿ ಗ್ಲಿಯೋಬ್ಲಾಸ್ಟೋಮಾ ಅನ್ನೋ ಕ್ಯಾನ್ಸರ್ ಗಡ್ಡೆ, ಗ್ರೇಡ್ 4. ಬೆಂಗಳೂರಲ್ಲಿ ಆಪರೇಷನ್ ಆಗಿ, ಆರು ವಾರ ರೇಡಿಯೇಷನ್ ಮುಗಿಸಿ ಶಿವಮೊಗ್ಗಕ್ಕೆ ಬಂದಿದ್ದೇವೆ. ಇನ್ನು 28 ದಿನಕ್ಕೊಮ್ಮೆ ಐದು ದಿನ ಟೆಮೊಜೊಲೊಮೈಡ್ ಅನ್ನೋ ಕೀಮೋ ಮಾತ್ರೆ ಅಂದಿದ್ದಾರೆ. ಡೆಕ್ಸಾ (ಡೆಕ್ಸಾಮೆಥಾಸೋನ್), ಲೆವೆಟಿರಾಸೆಟಾಮ್ ಮಾತ್ರೆಗಳೂ ನಡೀತಿದೆ. ಯಾವತ್ತೂ ದನಿ ಏರಿಸಿದವರಲ್ಲ, ಈಗ ತಟ್ಟೆ ಎಸೀತಾರೆ. ಗಡ್ಡೆ ಮತ್ತೆ ಬೆಳೀತಿದೆಯಾ?

ತಮ್ಮನನ್ನು ನೋಡಿಕೊಂಡ ಅಕ್ಕ, ಹಾಸನ

ಮೊದಲು ಗಡ್ಡೆ ಮೇಲೆ ಅನುಮಾನ ಬೇಡ, ಮಾತ್ರೆ ಚೀಟಿ ನೋಡಿ. ನೀವು ಬರೆದ ಎರಡೂ ಸಿಟ್ಟು ತರಿಸುವ ಮಾತ್ರೆಗಳೇ. ಫಿಟ್ಸ್‌ಗೆ ಕೊಡುವ ಲೆವೆಟಿರಾಸೆಟಾಮ್‌ನಿಂದ ಕೆಲವರಿಗೆ ಸಿಡುಕು, ಅಳು ಬರುತ್ತೆ. ಮಿದುಳಿನ ಊತಕ್ಕೆ ಕೊಡುವ ಡೆಕ್ಸಾ ಸ್ಟೀರಾಯ್ಡು: ನಿದ್ದೆ ಇಲ್ಲ, ಹೊಟ್ಟೆ ಹಸಿವು ವಿಪರೀತ, ತಲೆ ಪೂರ್ತಿ ಗಡಿಬಿಡಿ. ನನ್ನ ತಮ್ಮ ಮಧ್ಯರಾತ್ರಿ ಎದ್ದು ಉಪ್ಪಿಟ್ಟು ಮಾಡು ಅಂತ ಜಗಳಕ್ಕೆ ನಿಂತಿದ್ದ. ಡಾಕ್ಟರಿಗೆ ಹೇಳಿದ ಮೇಲೆ ಸಂಜೆಯ ಡೆಕ್ಸಾವನ್ನು ಬೆಳಗಿನ ತಿಂಡಿ ಜೊತೆಗೆ ಹಾಕಿದರು, ಫಿಟ್ಸ್ ಮಾತ್ರೆ ಬದಲಿಸಿದರು. ಮನುಷ್ಯ ವಾಪಸ್ ಸಿಕ್ಕಿದ.

ಹಾಗಂತ ನೀವಾಗೇ ನಿಲ್ಲಿಸಬೇಡಿ. ಡೆಕ್ಸಾ ದಿಢೀರ್ ಬಿಟ್ಟರೆ ಅಪಾಯ. ಮೈ ತಾನೇ ಮಾಡಿಕೊಳ್ಳುವ ಸ್ಟೀರಾಯ್ಡು ಅಷ್ಟರಲ್ಲಿ ನಿಂತಿರುತ್ತೆ. ಹಂತಹಂತವಾಗಿಯೇ ಇಳಿಸಬೇಕು. ಡೆಕ್ಸಾ ನಡೆಯುವಷ್ಟು ದಿನ ಶುಗರ್ ನೋಡಿಸಿ, ಬಾಯಲ್ಲಿ ಫಂಗಸ್ಸಿನ ಬಿಳಿ ಪದರ ಬಂದಿದೆಯಾ ನೋಡಿ. ಅದರಿಂದ ತೊಡೆಯ ಶಕ್ತಿಯೂ ಹೋಗಿ ಕೆಳಗೆ ಕೂತರೆ ಏಳೋಕಾಗಲ್ಲ, ಆದ್ದರಿಂದ ಇಂಡಿಯನ್ ಟಾಯ್ಲೆಟ್ ಇದ್ದರೆ ಕಮೋಡ್ ಕುರ್ಚಿ ಈಗಲೇ ತಂದಿಡಿ.

ಆದರೆ ಬೆಳಿಗ್ಗೆ ತಲೆನೋವು ಜೊತೆಗೆ ವಾಂತಿ, ಮಾತು ತೊದಲು, ಒಂದು ಕಡೆ ಕೈಕಾಲು ಸೋಲು ಕಂಡರೆ ಮಾತ್ರೆಯ ಲೆಕ್ಕ ಹಾಕುತ್ತಾ ಕೂರಬೇಡಿ, ಹೊರಡಿ.

ಕೀಮೋ ತಗೊಂಡವನು ನಾನೇ, ಹುಬ್ಬಳ್ಳಿ

ನನ್ನದು ಗ್ರೇಡ್ 3, ಕೀಮೋ ಮಾತ್ರೆ ಅದೇ ಟೆಮೊಜೊಲೊಮೈಡ್. ಊಟ ಆಗಿ ಎರಡು ತಾಸು ಬಿಟ್ಟು ಖಾಲಿ ಹೊಟ್ಟೆಯಲ್ಲಿ, ಮಲಗುವ ಹೊತ್ತಿಗೆ ನುಂಗತಿದ್ದೆ. ಅದಕ್ಕೂ ಒಂದು ತಾಸು ಮೊದಲು ವಾಂತಿ ನಿಲ್ಲಿಸುವ ಒಂಡಾನ್‌ಸೆಟ್ರಾನ್. 20, 100, 250 ಮಿಲಿಗ್ರಾಂ ಅಂತ ಬೇರೆಬೇರೆ ಡಬ್ಬಿ ಬರತಾವ, ಕೂಡಿಸಿ ಒಂದು ರಾತ್ರಿಯ ಡೋಸ್. ಮೊದಲ ಸುತ್ತಿಗೂ ಎರಡನೇದಕ್ಕೂ ಡೋಸ್ ಬದಲಾಗಬಹುದು, ಹಂಗಾಗಿ ಪ್ರತಿ ಸಲ ಹೊಸ ಚೀಟಿ ನೋಡಿಯೇ ಎಣಿಸ್ರಿ. ವಾಂತಿ ಆದರೆ ಅವತ್ತು ಮತ್ತೊಂದು ಡೋಸ್ ಕೊಡಬ್ಯಾಡ್ರಿ. ಕ್ಯಾಪ್ಸೂಲ್ ಬಿಚ್ಚಲೂಬಾರದು.

ವಾಂತಿಗಿಂತ ನನ್ನ ಜೀವ ತಿಂದಿದ್ದು ಮಲಬದ್ಧತೆ. ಒಂಡಾನ್‌ಸೆಟ್ರಾನ್ ಪುಣ್ಯ. ಮೊದಲ ದಿನದಿಂದಲೇ ಅದಕ್ಕೊಂದು ಔಷಧ ಕೇಳಿಟ್ಟುಕೊಳ್ರಿ.

ಇನ್ನೊಂದು. ನಿಮ್ಮ ಯಜಮಾನರ ಎದುರೇ ‘ಇವರು ಹೆಂಗಿದಾರ’ ಅಂತ ನೆಂಟರು ನಿಮ್ಮನ್ನ ಕೇಳತಾರಲ್ಲ, ಅವರನ್ನೇ ಕೇಳಲಿಕ್ಕೆ ಹೇಳ್ರಿ. ಅರ್ಧ ಸಿಟ್ಟು ಅಲ್ಲಿಂದ.

ನರ್ಸ್, ಮೈಸೂರು

ಟೆಮೊಜೊಲೊಮೈಡ್‌ಗೆ ರಕ್ತಕಣಗಳ ಕೌಂಟ್ ಇಳಿಯೋದು ಮಾತ್ರೆ ನುಂಗುವ ವಾರದಲ್ಲಲ್ಲ, ಮೂರು ನಾಲ್ಕನೇ ವಾರದಲ್ಲಿ. ಮುಂದಿನ ಸುತ್ತಿಗೆ ಮುಂಚೆ ರಕ್ತ ಪರೀಕ್ಷೆ ತಪ್ಪಿಸಬೇಡಿ. ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಮುಂದೂಡುತ್ತಾರೆ. ಜ್ವರ 100.4 ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅನ್ನಬೇಡಿ, ರಾತ್ರಿಯೇ ಆಸ್ಪತ್ರೆ.

ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಹಲ್ಲಿನ ನಡುವೆ ಚಮಚ ಯಾವುದೂ ಬೇಡ. ಐದು ನಿಮಿಷ ದಾಟಿದರೆ 108. ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಮನೇಲಿ ಇಡಬೇಕಾ ಅಂತ ಡಾಕ್ಟರನ್ನು ಕೇಳಿ.

ತುಮಕೂರಿನಿಂದ

ಪಪ್ಪಾಯಿ ಎಲೆ ರಸ ಕೊಡಿ, ಪ್ಲೇಟ್‌ಲೆಟ್ ಏರುತ್ತೆ.

ನರ್ಸ್, ಮೈಸೂರು

ಸರ್, ಇಲ್ಲಿ ಕೌಂಟ್ ಇಳಿಸುವುದು ಕೀಮೋ, ಡೆಂಗ್ಯೂ ಅಲ್ಲ. ಕೇಳದೆ ಯಾವ ಕಷಾಯವನ್ನೂ ಜೊತೆಗೆ ಕೊಡಬಾರದು.

ಅಪ್ಪನ ಜೊತೆ ಓಡಾಡಿದ ಮಗಳು, ಬೆಂಗಳೂರು

ರೇಡಿಯೇಷನ್ ಆದ ಮೊದಲ ಮೂರು ತಿಂಗಳಲ್ಲಿ ಎಂಆರ್‌ಐ ಕೆಟ್ಟಂತೆ ಕಾಣಬಹುದು, ಗಡ್ಡೆ ಬೆಳೆಯದೆಯೂ. ರೇಡಿಯೇಷನ್‌ಗೆ ಬಂದ ಊತವೂ ಫಿಲ್ಮಲ್ಲಿ ಗಡ್ಡೆಯ ಹಾಗೇ ಬೆಳ್ಳಗೆ ಬೀಳುತ್ತೆ. ರಿಪೋರ್ಟ್ ಓದಿ ಕುಸಿಯಬೇಡಿ, ಮುಂದಿನ ಸ್ಕ್ಯಾನ್ ಜೊತೆ ಹೋಲಿಸುವವರೆಗೆ ಕಾಯಬೇಕಾಗುತ್ತೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ. ಮಾತ್ರೆಯೂ ಸೇರುತ್ತಾ ಅಂತ ಆಸ್ಪತ್ರೆಯಲ್ಲಿ ಈ ಯೋಜನೆ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕೇಳಿ.

ಕೇಳಿದವರು

ಡೆಕ್ಸಾ ಎರಡನೇದು ರಾತ್ರಿ ಎಂಟಕ್ಕೆ ಕೊಡ್ತಿದ್ದೆ, ಚೀಟೀಲಿ ‘ದಿನಕ್ಕೆರಡು’ ಅಂತಷ್ಟೇ ಇದೆ. ನಾಳೆ ಫೋನ್ ಮಾಡ್ತೀನಿ. ಹಾಸನದ ಅಕ್ಕ, ತಮ್ಮನಿಗೆ ಹಳೇ ಫಿಟ್ಸ್ ಮಾತ್ರೆ ಬದಲಿಗೆ ಯಾವ ಮಾತ್ರೆ ಕೊಟ್ರು?

ತಮ್ಮನನ್ನು ನೋಡಿಕೊಂಡ ಅಕ್ಕ, ಹಾಸನ

ಬ್ರಿವರಾಸೆಟಾಮ್ ಕಣಮ್ಮ. ಆದರೆ ಹೆಸರು ಹೇಳಿ ಕೇಳಬೇಡ. ಯಾವ ಹೊತ್ತಿಗೆ ಸಿಟ್ಟು ಏರುತ್ತೆ, ಅದಕ್ಕೆ ಮುಂಚೆ ಯಾವ ಮಾತ್ರೆ ಕೊಟ್ಟಿದ್ದೆ ಅಂತ ಬರೆದುಕೊಂಡು ಅದನ್ನೇ ಓದಿ ಹೇಳು.