ದಾನಪತ್ರದಲ್ಲಿ ಒಂದು ಸಾಲು

ಗುಂಪು: ತೋಟದ ಮನೆ

ಚಂದ್ರು ಚಿಕ್ಕಪ್ಪ: (ಫಾರ್ವರ್ಡ್ ಆದ ಸಂದೇಶ) ಹಿರಿಯರೇ ಗಮನಿಸಿ!! ತಂದೆ ತಾಯಿಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟು ಹೋಗುವ ಮಕ್ಕಳಿಗೆ ಕೊಟ್ಟ ಆಸ್ತಿ ಇನ್ನು ತಾನಾಗಿಯೇ ರದ್ದು. ಆಸ್ಪತ್ರೆ ಚೀಟಿ ಇದ್ದರೆ ಸಾಕು, ಜಮೀನು ಮತ್ತೆ ನಿಮ್ಮ ಹೆಸರಿಗೆ. ಎಲ್ಲ ಗುಂಪಿಗೂ ಕಳಿಸಿ.

ಚಂದ್ರು ಚಿಕ್ಕಪ್ಪ: ಒಳ್ಳೆ ಕೆಲಸ ಮಾಡಿದಾರೆ ಸರ್ಕಾರದೋರು.

ಶೈಲತ್ತೆ: ಹೆತ್ತೋರನ್ನ ಆಸ್ಪತ್ರೇಲಿ ಬಿಟ್ಟು ಹೋಗೋ ಮಕ್ಕಳೂ ಇರ್ತಾರಾ ಶಿವನೇ.

ರವಿ: ಅಂಥೋರಿಂದ ಆಸ್ತಿ ಕಿತ್ಕೊಂಡ್ರೆ ಸಾಲದು ಚಿಕ್ಕಪ್ಪ, ಒಳಗೆ ಹಾಕ್ಬೇಕು.

ಸುಮ: ಚಿಕ್ಕಪ್ಪ, ಇದು ಪೂರ್ತಿ ನಿಜ ಅಲ್ಲ ಅನ್ಸುತ್ತೆ. ನಾಗರಾಜ ಮಾವ, ನೀವು ಒಂದ್ಸಲ ನೋಡಿ ಹೇಳ್ತೀರಾ? ರವಿಗೆ ತೋಟದ ದಾನಪತ್ರ ಮಾಡ್ಕೊಡಕ್ಕೆ ಗುರುವಾರ ಅಪ್ಪ ರಿಜಿಸ್ಟ್ರಾರ್ ಆಫೀಸಿಗೆ ಹೋಗ್ತಿದಾರೆ. ಇದನ್ನ ನಂಬ್ಕೊಂಡು ಸಹಿ ಹಾಕೋದು ಬೇಡ.

ರವಿ: ಆಸ್ಪತ್ರೆ ವಿಷಯಕ್ಕೂ ಗುರುವಾರಕ್ಕೂ ಏನಕ್ಕ ಸಂಬಂಧ?

ನಾಗರಾಜ ಮಾವ: ಸುಮ, ಅದು ಅರ್ಧ ನಿಜ. 2025ರ ಮಾರ್ಚಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಸರ್ಕಾರಿ ಮೆಡಿಕಲ್ ಕಾಲೇಜುಗಳ ಮುಖ್ಯಸ್ಥರಿಗೆ ಒಂದು ಸೂಚನೆ ಕೊಟ್ರು. ವಯಸ್ಸಾದ ತಂದೆತಾಯಿನ ಆಸ್ಪತ್ರೇಲಿ ಸೇರಿಸಿ ಬಿಟ್ಟು ಹೋಗಿರೋದು ಕಂಡುಬಂದ್ರೆ ಎಸಿಯವರಿಗೆ, ಅಂದ್ರೆ ಉಪವಿಭಾಗಾಧಿಕಾರಿಗೆ, ದೂರು ಕೊಡಿ ಅಂತ. ಬೆಳಗಾವಿಯ ಬಿಮ್ಸ್ ಆಸ್ಪತ್ರೆ ಒಂದರಲ್ಲೇ ಇಂಥ 150ಕ್ಕೂ ಹೆಚ್ಚು ಪ್ರಕರಣ ಇವೆ ಅಂತ ಆಗ ಪೇಪರಲ್ಲಿ ಬಂದಿತ್ತು. ಅಲ್ಲಿಗೆ ನಿಜ ಮುಗೀತು. ಆಸ್ಪತ್ರೆಗೆ ಯಾರ ಆಸ್ತಿನೂ ರದ್ದು ಮಾಡೋ ಅಧಿಕಾರ ಇಲ್ಲ. ಚೀಟಿ ತೋರಿಸಿದ್ರೆ ಪಹಣಿ ಬದಲಾಗಲ್ಲ. ಅರ್ಜಿ, ನೋಟಿಸು, ವಿಚಾರಣೆ, ಆದೇಶ ಎಲ್ಲ ಎಸಿ ಮುಂದೆ ಆಗಬೇಕು. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ, 2007ರದ್ದು, ಅದರಲ್ಲಿ ನ್ಯಾಯಮಂಡಳಿ ಅಂದ್ರೆ ನಮ್ಮ ಉಪವಿಭಾಗಾಧಿಕಾರಿನೇ. ಅವರ ಮೇಲೆ ಮೇಲ್ಮನವಿಗೆ ಡಿಸಿ. ಆಸ್ತಿ ವಾಪಸ್ ಬರೋ ವಿಚಾರ ಇರೋದು 23ನೇ ಕಲಮಿನಲ್ಲಿ. ಅದು ಏನು ಹೇಳುತ್ತೆ ಅಂದ್ರೆ, ನನ್ನನ್ನ ನೋಡ್ಕೋಬೇಕು ಅನ್ನೋ ಷರತ್ತಿನ ಮೇಲೆ ಕೊಟ್ಟಿದ್ರೆ, ತಗೊಂಡೋರು ನೋಡ್ಕೊಳ್ದೇ ಹೋದ್ರೆ, ಆ ವರ್ಗಾವಣೆ ಮೋಸದಿಂದ ಆಗಿದ್ದು ಅಂತ ಪರಿಗಣಿಸಿ ರದ್ದು ಮಾಡಬಹುದು. ಷರತ್ತು ಅನ್ನೋ ಪದಕ್ಕೆ ಗಮನ ಕೊಡಿ.

ಸುಮ: ಅದನ್ನೇ ಕೇಳ್ಬೇಕು ಅಂತಿದ್ದೆ ಮಾವ. ರವಿ, ಪತ್ರದ ಬರಹಗಾರರು ಕೊಟ್ಟಿರೋ ಕರಡು ನಾನು ಓದ್ದೆ. ಅದರಲ್ಲಿ ಅಪ್ಪ ಅಮ್ಮನ್ನ ನೋಡ್ಕೋಬೇಕು ಅನ್ನೋ ಒಂದು ಸಾಲೂ ಇಲ್ಲ.

ರವಿ: ಬರ್ಸಿದ್ರೆ ನೋಡ್ಕೊತೀನಿ, ಇಲ್ಲದಿದ್ರೆ ಇಲ್ಲ, ಹಾಗಂತೀಯಾ? ಅಮ್ಮನ ಮಂಡಿ ಆಪರೇಷನ್ನಿಗೆ ಹನ್ನೊಂದು ದಿನ ವಾರ್ಡಿನ ಮಂಚದ ಕೆಳಗೆ ಚಾಪೆ ಹಾಕ್ಕೊಂಡು ಮಲಗಿದ್ದು ನಾನು. ಅಪ್ಪಂಗೆ ರಾತ್ರಿ ಮೂರು ಗಂಟೆಗೆ ಉಸಿರು ಕಟ್ಟಿದಾಗ ಯಾರಿದ್ರು ಅಕ್ಕ? ನೀನು ಹಬ್ಬಕ್ಕೆ ಬಂದು ಎರಡು ದಿನ ಇದ್ದು ಹೋಗ್ತೀಯ. ಇವತ್ತು ಹತ್ತು ಜನರ ಮುಂದೆ ನನಗೆ ಷರತ್ತು ಹಾಕು ಅಂತಿದೀಯ.

ಶೈಲತ್ತೆ: ಸುಮಾ, ಅವನು ಹೇಳೋದ್ರಲ್ಲಿ ತಪ್ಪೇನಿದೆ? ನಮ್ಮಪ್ಪ ಅಣ್ಣಯ್ಯನಿಗೆ ಮನೆ ಜವಾಬ್ದಾರಿ ವಹಿಸಿದಾಗ ಯಾವ ಷರತ್ತೂ ಇರ್ಲಿಲ್ಲ. ಕೊನೇ ಉಸಿರು ಇರೋವರೆಗೂ ಅಣ್ಣಯ್ಯ ನೋಡ್ಕೊಳ್ಳಲಿಲ್ವಾ. ಮನೆ ಮಾತು ಕಚೇರಿ ಮೆಟ್ಟಿಲು ಹತ್ತಿದ ಮೇಲೆ ಮನೆ ಉಳಿಯುತ್ತಾ?

ಸುಮ: ಅತ್ತೆ, ರವಿ ಮಾಡ್ತಿರೋದನ್ನ ನಾನು ಮಾಡಕ್ಕಾಗಿಲ್ಲ. ಅದು ನನಗೆ ಪ್ರತಿ ದಿನ ಚುಚ್ಚುತ್ತೆ. ಒಂದು ಗುಂಟೆನೂ ನನಗೆ ಬೇಡ, ಅದು ಅಪ್ಪನ ಸ್ವಯಾರ್ಜಿತ, ಯಾರಿಗೆ ಬೇಕಾದ್ರೂ ಕೊಡಲಿ, ರವಿಗೇ ಸೇರ್ಬೇಕು ಅಂತ ನಾನೇ ಮೊದಲು ಹೇಳಿದ್ದು. ನಾನು ಕೇಳ್ತಿರೋದು ಒಂದು ಸಾಲು ಮಾತ್ರ.

ಕಾವ್ಯ: ನಾನು ಮಾತಾಡ್ಬಹುದಾ? ನಮ್ಮ ಆಸ್ಪತ್ರೆ ವಾರ್ಡಲ್ಲಿ ಒಬ್ಬ ಅಜ್ಜಿ ಇದಾರೆ. ಡಿಸ್ಚಾರ್ಜ್ ಬರೆದು ತಿಂಗಳು ಕಳೀತು. ದಿನಾ ಸಾಯಂಕಾಲ ನಾಲ್ಕಕ್ಕೆ ಬಾಚಣಿಗೆ, ಎರಡು ಸೀರೆ, ಸ್ಟೀಲ್ ಲೋಟ ಎಲ್ಲ ಬಟ್ಟೆ ಚೀಲಕ್ಕೆ ತುಂಬಿ, ಚೀಲದ ಬಾಯಿಗೆ ಗಂಟು ಹಾಕಿ, ಮಂಚದ ತುದೀಲಿ ಕೂರ್ತಾರೆ. ವಿಸಿಟಿಂಗ್ ಟೈಮ್ ಮುಗಿದ ಮೇಲೆ ಗಂಟು ಬಿಚ್ಚಿ ಲೋಟ ಹೊರಗೆ ತೆಗೀತಾರೆ. ಕೇಸ್ ಶೀಟಲ್ಲಿರೋ ನಂಬರಿಗೆ ಫೋನ್ ಹೋಗಲ್ಲ. ಮಗ ಕೆಟ್ಟೋನಾ ಅಂತ ಕೇಳಿದ್ರೆ ಅಜ್ಜಿ ಹೇಳೋದು, ಇಲ್ಲ ಕಣವ್ವ ಅವನು ಬಂಗಾರ ಅಂತ. ರವಿ ಅಣ್ಣ, ನಿನ್ನನ್ನ ಅವನಿಗೆ ಹೋಲಿಸ್ತಿಲ್ಲ. ಸಹಿ ಹಾಕೋ ದಿನ ಯಾವ ತಾಯಿನೂ ತನ್ನ ಮಗ ಹೀಗೆ ಮಾಡ್ತಾನೆ ಅನ್ಕೊಂಡಿರಲ್ಲ, ಅಷ್ಟೇ ನಾನು ಹೇಳೋದು.

ಚಂದ್ರು ಚಿಕ್ಕಪ್ಪ: ನಾನು ಕಳಿಸಿದ್ದು ಇಷ್ಟು ದೂರ ಹೋಗುತ್ತೆ ಅನ್ಕೊಂಡಿರಲಿಲ್ಲ. ಡಿಲೀಟ್ ಮಾಡ್ಲಾ?

ನಾಗರಾಜ ಮಾವ: ಬೇಡ ಚಂದ್ರು, ಇರಲಿ. ಮಾತು ಬಂದಿದ್ದು ಒಳ್ಳೇದೇ ಆಯ್ತು.

ರವಿ, ನಿನಗೆ ನೋವಾಗಿದೆ, ಗೊತ್ತು. ಆದ್ರೂ ಒಂದು ಕೇಳು. ನಾನು ಶಿರಸ್ತೇದಾರ್ ಆಗೋಕೆ ಮುಂಚೆ ಎಸಿ ಕಚೇರೀಲಿ ಹಿರಿಯ ನಾಗರಿಕರ ಅರ್ಜಿಗಳಿಗೆ ವಿಷಯ ನಿರ್ವಾಹಕ ಆಗಿದ್ದೆ. ಒಬ್ಬ ಯಜಮಾನರು ಬಂದಿದ್ರು. ಎಪ್ಪತ್ತು ದಾಟಿರಬೇಕು. ಮಗನಿಗೆ ಮನೆ, ಎರಡೂವರೆ ಎಕರೆ ಎರಡೂ ಬರೆದುಕೊಟ್ಟಿದ್ರು. ಊಟ ಹಾಕ್ತಿಲ್ಲ ಅಂತ ಅರ್ಜಿ. ದಾನಪತ್ರ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಅಂಗಿ ಒಳಗೆ ಇಟ್ಕೊಂಡು ತಂದಿದ್ರು. ಪೂರ್ತಿ ಎರಡು ಸಲ ಓದ್ದೆ. ಷರತ್ತು ಎಲ್ಲೂ ಇಲ್ಲ. ಇಲ್ಲ ಯಜಮಾನ್ರೇ ಅಂದೆ. ಅವರು ಪತ್ರ ನನ್ನ ಕೈಯಿಂದ ತಗೊಂಡು, ಯಾರನ್ನೋ ಓದಿಸಿ ಗುರುತು ಮಾಡ್ಕೊಂಡಿದ್ರು ಅಂತ ಕಾಣುತ್ತೆ, ಒಂದು ಸಾಲಿನ ಮೇಲೆ ಬೆರಳಿಟ್ರು. ‘ನಿನ್ನ ಮೇಲಿನ ಪ್ರೀತಿ ವಿಶ್ವಾಸದಿಂದ’ ಅಂತ ಇತ್ತು. ಇದೇ ಅಲ್ವಾ ಸ್ವಾಮಿ ಷರತ್ತು ಅಂದ್ರು. ನನಗೆ ಉತ್ತರ ಕೊಡಕ್ಕಾಗಲಿಲ್ಲ. ಜೀವನಾಂಶಕ್ಕೆ ಆದೇಶ ಆಯ್ತು. ಮನೆ ವಾಪಸ್ ಬರಲಿಲ್ಲ. ಪ್ರೀತಿ ವಿಶ್ವಾಸ ಅನ್ನೋದು ಎಲ್ಲ ದಾನಪತ್ರದಲ್ಲೂ ಬರೆಯೋ ಮಾತು, ಕರಡಿನಲ್ಲೇ ಇರುತ್ತೆ.

ರವಿ: ಸುಪ್ರೀಂ ಕೋರ್ಟು ಈಗ ಅಪ್ಪ ಅಮ್ಮನ ಪರ ತೀರ್ಪು ಕೊಟ್ಟಿದೆ ಅಂತ ಓದಿದ್ದೆ ಮಾವ. ಹಾಗಿದ್ರೆ ಷರತ್ತು ಯಾಕೆ ಬೇಕು?

ನಾಗರಾಜ ಮಾವ: ನೀನು ಹೇಳೋದು 2025ರ ಜನವರಿ 2ರ ತೀರ್ಪು. ಮಧ್ಯಪ್ರದೇಶದ ತಾಯಿಯೊಬ್ಬರು ಮಗನಿಗೆ ಬರೆದ ದಾನಪತ್ರ ರದ್ದಾಯ್ತು. ಈ ಕಾಯ್ದೆನ ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂತ ಕೋರ್ಟ್ ಹೇಳಿದ್ದೂ ಹೌದು. ಆದ್ರೆ ಆ ತಾಯಿ ಕೈಲಿ, ಕೊನೇವರೆಗೂ ನೋಡ್ಕೋತೀನಿ ಅಂತ ಮಗ ಬರೆದುಕೊಟ್ಟ ಕಾಗದ ಇತ್ತು. ಅದಕ್ಕೆ ಮುಂಚೆ, 2022ರ ಡಿಸೆಂಬರಲ್ಲಿ, ಷರತ್ತು ಇತ್ತು ಅಂತ ತೋರಿಸದೆ 23ನೇ ಕಲಮಿನಲ್ಲಿ ರದ್ದು ಮಾಡಕ್ಕಾಗಲ್ಲ ಅಂತ ಅದೇ ಕೋರ್ಟ್ ಹೇಳಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡು. ಕಾಗದದಲ್ಲಿ ಬರೆದಿದ್ರೆ ಎಸಿ ಕೈಗೆ ಬಲ ಬರುತ್ತೆ. ಬರೆದಿಲ್ಲ ಅಂದ್ರೆ ಎಷ್ಟು ಒಳ್ಳೆ ಎಸಿ ಇದ್ರೂ ಕಷ್ಟ.

ಶೈಲತ್ತೆ: ನಾಗರಾಜಣ್ಣ, ಆ ಕಚೇರಿ ಮೇಲೆ ಅಷ್ಟು ನಂಬಿಕೆನಾ? ನಮ್ಮ ಬೀದೀಲಿ ಒಬ್ಬರು ಅರ್ಜಿ ಕೊಟ್ಟು ಒಂದು ವರ್ಷ ಅಲೆದ್ರು.

ನಾಗರಾಜ ಮಾವ: ಅಲೆದಿರ್ತಾರೆ ಶೈಲಮ್ಮ, ಅದನ್ನ ನಾನು ಇಲ್ಲ ಅನ್ನಲ್ಲ. ನೋಟಿಸು ಜಾರಿಯಾದ 90 ದಿನದೊಳಗೆ ಜೀವನಾಂಶದ ಅರ್ಜಿ ಮುಗಿಸಬೇಕು, ಬೇಕಾದ್ರೆ ಇನ್ನೊಂದು 30 ದಿನ ಅಂತ ಕಾನೂನು. ಆದ್ರೆ ಅದೇ ಎಸಿ ಮುಂದೆ ಜಮೀನಿನ ಮೇಲ್ಮನವಿಗಳ ರಾಶಿ ಇರುತ್ತೆ. ಚುನಾವಣೆ ಬಂದ್ರೆ ಆರು ವಾರ ಹೋಯ್ತು, ಮಳೆ ಹಾನಿ ಆದ್ರೆ ಸ್ಥಳ ಪರಿಶೀಲನೆ. ಹಿರಿಯರು ಬೆಳಿಗ್ಗೆ ಹತ್ತಕ್ಕೆ ಬಂದು ಬೆಂಚಲ್ಲಿ ಕೂತಿರೋರು, ಮೂರು ಗಂಟೆಗೆ ‘ಸಾಹೇಬ್ರು ಬರಲ್ಲ, ಮುಂದಿನ ತಿಂಗಳು ಬನ್ನಿ’ ಅಂತ ನಾವೇ ಹೇಳಬೇಕಾಗ್ತಿತ್ತು. ಬಸ್ ಚಾರ್ಜಿಗೂ ಸಾಲ ಮಾಡಿ ಬಂದೋರಿಗೆ ಹಾಗೆ ಹೇಳಿದೀನಿ. ಅದು ಅನ್ಯಾಯ. ಈ ಅರ್ಜಿಗಳಿಗೆ ವಾರದಲ್ಲಿ ಒಂದು ದಿನ ಮೀಸಲಿಟ್ಟು, ಆ ದಿನ ಏನೇ ಆದ್ರೂ ವಿಚಾರಣೆ ಮುಂದೂಡಬಾರದು ಅಂತ ನಾನು ಸರ್ವೀಸಲ್ಲಿದ್ದಾಗಲೇ ಬರೆದು ಕೊಟ್ಟಿದ್ದೆ. ಈಗಲೂ ಅದೇ ಹೇಳ್ತೀನಿ.

ಜೀವನಾಂಶದ ಮಿತಿನೂ ಹಾಗೇ. ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ. 2007ರಲ್ಲಿ ಇಟ್ಟಿದ್ದು ಇವತ್ತಿಗೂ ಅದೇ. ಔಷಧಿ ಅಂಗಡಿ ಬಿಲ್ಲು ನೋಡಿದೋರಿಗೆ ಗೊತ್ತು ಅದು ಎಷ್ಟಕ್ಕೆ ಬರುತ್ತೆ ಅಂತ. ನಮ್ಮ ಹೈಕೋರ್ಟೇ 2025ರಲ್ಲಿ ಈ ಮಿತಿ ಪರಿಷ್ಕರಿಸಿ ಅಂತ ಕೇಂದ್ರಕ್ಕೆ ಹೇಳಿದೆ.

ಹಾಗಂತ ಆ ಕಚೇರಿನ ಬಿಟ್ಟು ಬೇರೆ ಎಲ್ಲಿಗೆ ಹೋಗೋದು? ಸಿವಿಲ್ ಕೋರ್ಟಿಗೆ ಹೋದ್ರೆ ವಕೀಲರ ಫೀಸು, ಎಷ್ಟು ವರ್ಷನೋ. ಎಸಿ ಮುಂದೆ ವಕೀಲರಿಲ್ಲದೆ ತಾವೇ ಹೋಗಿ ಹೇಳಬಹುದು. ಬಿಳಿ ಹಾಳೇಲಿ ಬರೆದ ಅರ್ಜಿನೂ ನಾವು ತಗೊಂಡಿದೀವಿ. ತಾವು ಬರಕ್ಕಾಗಲಿಲ್ಲ ಅಂದ್ರೆ ಬೇರೆಯವರಿಗೆ ಅಧಿಕಾರ ಕೊಟ್ಟು ಕಳಿಸಬಹುದು, ಯಾರೂ ಅರ್ಜಿ ಹಾಕದಿದ್ರೂ ಎಸಿ ತಾವೇ ಪ್ರಕರಣ ಎತ್ಕೋಬಹುದು. ಮನೆ ಮಾತು ಕಚೇರಿಗೆ ಹೋದ್ರೆ ಮನೆ ಉಳಿಯಲ್ಲ ಅಂದ್ರಿ. ನಾನು ನೋಡಿದ ಎಷ್ಟೋ ಕೇಸಲ್ಲಿ ನೋಟಿಸು ಮುಟ್ಟಿದ ವಾರಕ್ಕೇ ಮಗ ಬಂದು ಅಪ್ಪನ್ನ ಕರ್ಕೊಂಡು ಹೋಗಿದಾನೆ. ಮೊದಲು ರಾಜಿಗೆ ಕೂರಿಸಕ್ಕೂ ಕಾಯ್ದೇಲೇ ಅವಕಾಶ ಇದೆ. ಊಟ ಇಲ್ಲದೆ ಜಗಲಿ ಮೇಲೆ ಕೂತಿರೋ ಮನುಷ್ಯನಿಗೆ ಆ ಮನೆ ಯಾವತ್ತೋ ಹೋಗಿರುತ್ತೆ ಶೈಲಮ್ಮ, ಕಚೇರಿಗೆ ಬರೋದು ಅದಾದ ಮೇಲೆ.

ಕಾವ್ಯ: ಇನ್ನೊಂದು ಸೇರಿಸ್ತೀನಿ. 14567, ಹಿರಿಯರ ಸಹಾಯವಾಣಿ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ಅರ್ಜಿ ಎಲ್ಲಿ ಕೊಡ್ಬೇಕು ಅಂತ ಹೇಳ್ತಾರೆ. ದೊಡ್ಡಮ್ಮನ ಫೋನಲ್ಲೂ ಸೇವ್ ಮಾಡಿಡಿ.

ರವಿ: ಸರಿ ಮಾವ, ನಿಮ್ಮ ಮಾತು ತಳ್ಳಿ ಹಾಕಲ್ಲ. ಆದ್ರೆ ನನ್ನ ತೊಂದರೆನೂ ಕೇಳಿ. ಎರಡು ಬೋರ್ ಕೈಕೊಟ್ಟಿವೆ. ತೆಂಗಿನ ಗರಿ ಹಳದಿ ತಿರುಗ್ತಿದೆ, ನೀವು ಹೋದ ತಿಂಗಳು ಬಂದಾಗ ನೋಡಿದ್ರಿ. ಹೊಸ ಬೋರು, ಡ್ರಿಪ್ಪು ಅಂತ ತೋಟದ ಮೇಲೆ ಸಾಲ ತೆಗೀಲೇಬೇಕು. ಷರತ್ತಿನ ದಾನಪತ್ರ ನೋಡಿದ್ರೆ ಬ್ಯಾಂಕಿನ ವಕೀಲರು ತಕರಾರು ತೆಗೀತಾರೆ. ನಾಳೆ ರದ್ದಾಗಬಹುದಾದ ಆಸ್ತಿ ಮೇಲೆ ಯಾರು ಸಾಲ ಕೊಡ್ತಾರೆ? ನಾನು ಬೇಡ ಅನ್ನೋದು ಅದಕ್ಕೂ ಸೇರಿ.

ಸುಮ: ಇದನ್ನ ಮೊದಲೇ ಹೇಳ್ಬಾರದಿತ್ತಾ ರವಿ. ನೀನು ಸಿಟ್ಟು ಮಾತ್ರ ತೋರಿಸ್ದೆ.

ನಾಗರಾಜ ಮಾವ: ಇದು ನಿಜವಾದ ತೊಂದರೆನೇ. ಬ್ಯಾಂಕಿನೋರು ಕೇಳೇ ಕೇಳ್ತಾರೆ. ಒಂದು ದಾರಿ ಇದೆ. ಸಾಲ ಭಾವನ, ಅಂದ್ರೆ ನಿಮ್ಮಪ್ಪನ, ಹೆಸರಲ್ಲೇ ಆಗಲಿ, ನೀನು ಜಾಮೀನು ನಿಲ್ಲು, ಬೋರು ಹಾಕಿಸಿ ಆದ ಮೇಲೆ ದಾನಪತ್ರ ಮಾಡ್ಕೊಳ್ಳಿ. ಇಲ್ಲಾ ದಾನಪತ್ರನೇ ಬೇಡ, ಉಯಿಲು ಬರೀಲಿ. ಉಯಿಲಿಗೆ ಯಾವ ಎಸಿನೂ ಬೇಕಿಲ್ಲ, ಬದುಕಿರೋವರೆಗೂ ಆಸ್ತಿ ಅವರದ್ದೇ, ಮನಸ್ಸು ಬದಲಾದ್ರೆ ಬೇರೆ ಬರೀಬಹುದು. ದಾನಪತ್ರನೇ ಈಗಲೇ ಆಗಬೇಕು ಅಂದ್ರೆ ಮನೆ ಮತ್ತೆ ಹಿತ್ತಲು ಭಾವನ ಹೆಸರಲ್ಲೇ ಉಳಿಸಿ, ತೋಟ ಮಾತ್ರ ಷರತ್ತು ಹಾಕಿ ಕೊಡಲಿ, ಬ್ಯಾಂಕ್ ಮ್ಯಾನೇಜರ್ ಹತ್ರ ಮೊದಲೇ ಕರಡು ತೋರಿಸು. ಷರತ್ತು ಕೈಬಿಟ್ಟು ಸಾಲ ಸುಲಭ ಮಾಡ್ಕೊಳ್ಳೋದು ಮಾತ್ರ ಬೇಡ. ಸಾಲ ಐದು ವರ್ಷದ್ದು. ದಾನಪತ್ರ ಸಹಿ ಆದ್ಮೇಲೆ ಹಿಂದೆ ತಗೊಳ್ಳೋಕೆ ಬರಲ್ಲ.

ಅಪ್ಪ: ಎಲ್ಲ ಓದಿದೆ. ಕನ್ನಡಕ ಸರಿ ಇಲ್ಲ, ನಿಧಾನ ಬರೀತಿದೀನಿ.

ಅಪ್ಪ: ರವಿ ಮೇಲೆ ನನಗೆ ಅನುಮಾನ ಇಲ್ಲ. ಸುಮನಿಗೂ ಇಲ್ಲ ಅಂತ ನನಗೆ ಗೊತ್ತು. ನನಗೆ ನನ್ನ ಚಿಂತೆ ಇಲ್ಲ. ನಾನು ಮೊದಲು ಹೋದ್ರೆ ನಿಮ್ಮಮ್ಮ ಇರ್ತಾಳೆ. ಅವಳ ಹೆಸರಲ್ಲಿ ಏನೂ ಇಲ್ಲ. ಐವತ್ತು ವರ್ಷ ಆ ತೋಟಕ್ಕೆ ನೀರು ಕಟ್ಟಿದಾಳೆ, ಪಹಣೀಲಿ ಅವಳ ಹೆಸರಿಲ್ಲ. ಅರ್ಜಿ ಬರೆಯಕ್ಕೆ ಬರಲ್ಲ ಅವಳಿಗೆ. ನನಗೆ ಆ ಯಜಮಾನರ ವಿಷಯ ಓದಿ ಅವಳೇ ನೆನಪಾದ್ಲು.

ಅಪ್ಪ: ನಾಗರಾಜ, ಅವಳ ಹೆಸರು ಆ ಸಾಲಲ್ಲಿ ಬರಬೇಕು. ನಮ್ಮಿಬ್ಬರನ್ನೂ ಅಂತ. ಬರುತ್ತಾ?

ನಾಗರಾಜ ಮಾವ: ಬರುತ್ತೆ ಭಾವ. ಅಕ್ಕನ ಹೆಸರು ಹಾಕಿಯೇ ಬರೆಸೋಣ. ಊಟ, ಬಟ್ಟೆ, ಔಷಧಿ, ಇರೋ ಮನೇಲಿ ಕೊನೇವರೆಗೂ ವಾಸದ ಹಕ್ಕು, ಇಬ್ಬರಲ್ಲಿ ಯಾರು ಉಳಿದರೂ ಅವರಿಗೆ. ‘ನೋಡಿಕೊಳ್ಳತಕ್ಕದ್ದು’ ಅಂತ ಮೊಗಮ್ಮಾಗಿ ಬರೆದು ಬಿಡೋದು ಬೇಡ. ತಪ್ಪಿದಲ್ಲಿ 2007ರ ಕಾಯ್ದೆ 23ನೇ ಕಲಮಿನಂತೆ ಈ ಪತ್ರ ರದ್ದುಪಡಿಸಲು ಹಕ್ಕಿದೆ ಅಂತ ಕಾಯ್ದೆ ಹೆಸರು ಹಾಕಿ ಬರೆಸಬೇಕು.

ಶೈಲತ್ತೆ: ನನ್ನ ಮನಸ್ಸು ಇನ್ನೂ ಒಪ್ಪಲ್ಲ ಅಣ್ಣಯ್ಯ. ಆದ್ರೆ ಅತ್ತಿಗೆ ಹೆಸರು ಬರಬೇಕು ಅನ್ನೋದು ಸರಿ.

ರವಿ: ಆಯ್ತಪ್ಪ. ಗುರುವಾರದ ಸ್ಲಾಟ್ ಮುಂದಕ್ಕೆ ಹಾಕಿಸ್ತೀನಿ, ಬ್ಯಾಂಕಿಗೆ ನಾಳೇನೇ ಹೋಗ್ತೀನಿ. ಮಾವ, ಕರಡಿನ ಮೂರೂ ಪುಟದ ಫೋಟೋ ಕಳಿಸ್ತೀನಿ, ಆ ಸಾಲು ಎಲ್ಲಿ ಬರಬೇಕು ಅಂತ ಗುರುತು ಹಾಕಿ ಕಳಿಸಿ.

ರವಿ: ಅಕ್ಕ, ನನಗೆ ಬೇಜಾರಾಗಿಲ್ಲ ಅಂತ ಹೇಳಲ್ಲ. ಇದನ್ನ ನೀನು ನನಗೆ ಫೋನ್ ಮಾಡಿ ಹೇಳ್ಬೇಕಿತ್ತು.

ಸುಮ: ಹೌದು ರವಿ, ಹೇಳ್ಬೇಕಿತ್ತು. ತಪ್ಪಾಯ್ತು.

ರವಿ: ರಿಜಿಸ್ಟ್ರೇಷನ್ ದಿನ ರಜ ಹಾಕ್ಕೊಂಡು ಬಾ. ಎರಡು ಸಾಕ್ಷಿ ಬೇಕು. ಒಂದು ಸಹಿ ನಿಂದೇ ಇರಲಿ.